ಡ್ರಮ್ಮಿಗೆ ಉಪ್ಪುನೀರು

ನಮ್ಮಪ್ಪ ಆವಲಪ್ಪ ಕೂತಲ್ಲಿ ಕೂರುವ ಆಸಾಮಿಯಲ್ಲ. ಉಣ್ಣುವಾಗಲೂ ಒಂದು ಮಂಡಿ ಮೇಲೆತ್ತಿಕೊಂಡೇ ಇರುತ್ತಿದ್ದ, ಯಾರಾದರೂ ಕರೆದರೆ ಓಡುವುದಕ್ಕೆ. ಸಾವಿರದ ಒಂಬೈನೂರ ಅರವತ್ತೆರಡರಲ್ಲಂತೂ ಅವನ ಕಾಲು ನೆಲಕ್ಕೆ ನಿಲ್ಲಲೇ ಇಲ್ಲವಂತೆ. ಅದಕ್ಕೆ ಕಾರಣ ನಾನು. ಆಗ ನಾನು ನಮ್ಮವ್ವ ಲಕ್ಕಮ್ಮನ ಹೊಟ್ಟೆಯಲ್ಲಿ ಐದು ತಿಂಗಳು. ನನಗಿಂತ ಮೊದಲಿನ ಕೂಸು, ಅವ್ವ ತೋಪಿನ ಬಾವಿಯಿಂದ ಸಿಹಿನೀರು ಹೊತ್ತು ತರುವಾಗ ದಾರಿಯಲ್ಲೇ ಹೋಗಿಬಿಟ್ಟಿತ್ತು. ಈ ಸಲವೂ ಬಿಂದಿಗೆ ಹೊತ್ತರೆ ಇದೂ ಉಳಿಯಲ್ಲ ಅಂತ ಸೂಲಗಿತ್ತಿ ಮಾರಮ್ಮ ಖಡಾಖಂಡಿತ ಹೇಳಿದ್ದಳು.

ಹಳೇ ಜಾಲಹಳ್ಳಿಯ ನಮ್ಮ ಹಿತ್ತಲಲ್ಲಿ ಬಾವಿ ಇರಲಿಲ್ಲವೇ? ಇತ್ತು, ತುಂಬ ನೀರೂ ಇತ್ತು. ಏನು ಬಂತು ಭಾಗ್ಯ, ಅದು ಉಪ್ಪುನೀರು. ಗಡಸು ನೀರಿಗೆ ನಮ್ಮ ಕಡೆ ಅದೇ ಹೆಸರು. ಸೋಪು ನೊರೆ ಕಟ್ಟದು. ಮಧ್ಯಾಹ್ನದವರೆಗೆ ಕುದಿಸಿದರೂ ತೊಗರಿಬೇಳೆ ಹಾಗೇ ಕೂತಿರುತ್ತದೆ. ಜಗಳದಲ್ಲಿ ಯಾರಾದರೂ "ನಿನ್ ಬೇಳೆ ಇಲ್ಲಿ ಬೇಯಲ್ಲ" ಎಂದರೆ ನಮ್ಮ ಮನೆಯವರಿಗೆ ಅದು ಬೈಗುಳವಲ್ಲ, ದಿನದ ಸುದ್ದಿ.

ಅಪ್ಪ ಮೊದಲು ನೆಲ್ಲಿಮರದ ಕೊರಡು ತಂದು ಬಾವಿಗೆ ಇಳಿಬಿಟ್ಟ. ನೀರು ಸಿಹಿಯಾಗಲು ತಿಂಗಳಾದರೂ ಬೇಕು ಅಂದರು ಹಿರಿಯರು. ಇವನು ಮೂರನೇ ದಿನಕ್ಕೇ ಮೇಲೆಳೆದ. ಆಮೇಲೆ ವಾಷಿಂಗ್ ಸೋಡ ಹಾಕಿ ನೀರು ಕುದಿಸಿದ. ಬೇಳೆಯೇನೋ ಬೆಂತು, ಸಾರು ಬಟ್ಟೆ ಒಗೆದ ನೀರಿನ ರುಚಿ. ಕೊನೆಗೆ ಅವನ ಕಣ್ಣು ಕಾರ್ಖಾನೆಯ ಮೇಲೆ ಬಿತ್ತು. ಅವನು ಕೆಲಸ ಮಾಡುತ್ತಿದ್ದ ಬಾಯ್ಲರ್ ಮನೆಯಲ್ಲಿ ಗಡಸು ನೀರನ್ನು ಮೆದು ಮಾಡುವ ದೊಡ್ಡ ತೊಟ್ಟಿಯಿತ್ತು, ಅದರೊಳಗೆ ಒಂದು ಬಗೆಯ ಹಸಿರು ಮರಳು. ಆ ಮರಳು ಬದಲಾಯಿಸಿದ ದಿನ ಸಾಹೇಬರನ್ನು ಕೇಳಿ ಹಳೆಯದನ್ನು ಎರಡು ಮೂಟೆ ಪಡೆದ. ಯಶವಂತಪುರದ ಫಿಟ್ಟರ್ ಮನ್ಸೂರ್ ಅದನ್ನು ತನ್ನ ಮನೆಯಲ್ಲೇ ಹದಮಾಡಿ, ಡ್ರಮ್ಮಿಗೆ ತುಂಬಿ, ತಳಕ್ಕೊಂದು ನಲ್ಲಿ ಕೂರಿಸಿ, ಗಾಡಿಯಲ್ಲಿ ತಂದು ನಮ್ಮ ಬಾವಿಕಟ್ಟೆಯ ಮೇಲೆ ನಿಲ್ಲಿಸಿದ. ಮೇಲಿಂದ ಬಾವಿಯ ನೀರು ಹುಯ್ದರೆ ಕೆಳಗೆ ಸಿಹಿನೀರು. ಅವತ್ತು ಬೇಳೆ ಬೆಣ್ಣೆಯ ಹಾಗೆ ಬೆಂತು.

"ವಾರಕ್ಕೊಂದ್ಸಲ ಎರಡು ಬಿಂದಿಗೆ ಉಪ್ಪುನೀರು ಹುಯ್ದು, ಕೆಳಗೆ ಬಂದಿದ್ದು ಚೆಲ್ಬಿಡು ಆವಲಣ್ಣ. ಇಲ್ದಿದ್ರೆ ಡ್ರಮ್ಮು ದಂಡ," ಎಂದ ಮನ್ಸೂರ್.

"ಮರೆಯೋ ಪೈಕಿನಾ ನಾನು?" ಎಂದ ಅಪ್ಪ.

ಮರೆಯಲಿಲ್ಲ ಪುಣ್ಯಾತ್ಮ. ಪ್ರತಿ ಸೋಮವಾರ ಎರಡು ಬಿಂದಿಗೆ ಹುಯ್ದ, ಚೆಲ್ಲಿದ. ಕಾರ್ಖಾನೆಯಲ್ಲೆಲ್ಲ ತನ್ನ ಮನೆಯ ಬೇಳೆಯದೇ ಮಾತು. ಡ್ರಮ್ಮಿನ ಸುದ್ದಿ ಎತ್ತಿದರೆ ಅಪ್ಪನ ತಾಯಿ, ನಮ್ಮಜ್ಜಿ ಯಲ್ಲಮ್ಮ ಮಾತ್ರ ಮುಖ ತಿರುಗಿಸುತ್ತಿದ್ದಳು. ಮುದುಕಿಗೆ ಹೊಸದು ಕಂಡರಾಗದು ಅಂತ ಅಪ್ಪನಿಗೆ ಸಿಟ್ಟು.

ಏಳನೇ ವಾರ, ಒಂದು ಭಾನುವಾರ, ಮನ್ಸೂರನನ್ನು ಊಟಕ್ಕೆ ಕರೆದ. ಬಂದವನು ಡ್ರಮ್ಮು ತಟ್ಟಿ ನೋಡಿ ಕೇಳಿದ: "ಇಷ್ಟು ದಿನಕ್ಕೆ ಉಪ್ಪು ಎಷ್ಟು ಹಿಡೀತು?"

"ಉಪ್ಪು ಯಾಕೆ ಭಾಯ್?"

"ಉಪ್ಪುನೀರು ಹುಯ್ಯಕ್ಕೆ."

"ಅದಕ್ಕೆ ಉಪ್ಪು ಯಾಕೆ? ಬಾವಿ ತುಂಬ ಅದೇ ಐತಲ್ಲ."

ಮನ್ಸೂರ್ ನಗಲಿಲ್ಲ. ನಲ್ಲಿ ತಿರುಗಿಸಿ ಸೋಪು ಉಜ್ಜಿದ. ಕೈಗೆ ಬಿಳಿ ಜಿಡ್ಡು ಅಂಟಿತೇ ಹೊರತು ನೊರೆ ಬರಲಿಲ್ಲ. "ಅಂಗಡಿ ಉಪ್ಪು ಕರಗಿಸಿದ ನೀರು ಅಂದೆ ನಾನು. ಮರಳಿಗೆ ಅಂಟಿದ ಗಡಸು ಬಿಡ್ಸೋದು ಅದೇ. ಇದು ಎರಡನೇ ವಾರಕ್ಕೇ ಕೆಲಸ ಬಿಟ್ಟಿರತ್ತೆ. ಮತ್ತೆ ನಿಮ್ ಬೇಳೆ ಹೆಂಗೆ ಬೇಯ್ತಿತ್ತು?"

ಅಜ್ಜಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ, "ತೋಪಿನ ಬಾವಿ ಬತ್ತೋಗೈತಾ?" ಎಂದಳು.

ಅಪ್ಪ ಡ್ಯೂಟಿಗೆ ಹೋದ ಮೇಲೆ, ಅರವತ್ತು ದಾಟಿದ ಮುದುಕಿ ಒಂದು ಮೈಲಿ ನಡೆದು ನೀರು ಹೊತ್ತು ತರುತ್ತಿದ್ದಳು. ಐದು ವಾರದಿಂದ, ದಿನಾ. ಬಾಯಿ ಬಿಡಕೂಡದೆಂದು ಅವ್ವನಿಂದ ಆಣೆ ಹಾಕಿಸಿಕೊಂಡಿದ್ದಳು. ಅಪ್ಪ ಅಜ್ಜಿಯ ಮುಂದಿನ ಮೊರ ಪಕ್ಕಕ್ಕೆ ಸರಿಸಿದ.

"ನಂಗೊಂದು ಮಾತು ಅಂದಿದ್ರೆ ಏನಾಗ್ತಿತ್ತವ್ವ?"

"ಅಂದಿದ್ರೆ ಇನ್ನೊಂದು ಮಿಷಿನ್ ತರಕ್ಕೆ ಓಡ್ತಿದ್ದೆ. ನೀನು ಬರೋಗಂಟ ಇವ್ಳು ಬಿಂದಿಗೆ ಎತ್ತಿಬಿಡೋಳು. ಈ ಕೂಸಾದ್ರೂ ಉಳೀಬೇಕಲ್ಲಪ್ಪ."

ಮನ್ಸೂರ್ ಅಂಗಡಿಗೆ ಹೋಗಿ ಉಪ್ಪು ತಂದು ಕರಗಿಸಿ ಹುಯ್ದ. ನೀರು ಮತ್ತೆ ಸಿಹಿಯಾಗಲು ನಾಳೆಯವರೆಗೆ ಕಾಯಬೇಕೆಂದ. ಅಪ್ಪ ಬಿಂದಿಗೆ ತೆಗೆದುಕೊಂಡು ತೋಪಿನ ಬಾವಿಗೆ ತಾನೇ ಹೊರಟ. ಗಂಡಸು ತಲೆಯ ಮೇಲೆ ನೀರು ಹೊರುವುದನ್ನು ನಮ್ಮೂರು ಕಂಡಿರಲಿಲ್ಲ. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರಂತೆ. ವಾಪಸು ಬಂದಾಗ ಅಂಗಿಯೆಲ್ಲ ನೆನೆದಿತ್ತು, ಬಿಂದಿಗೆ ಅರ್ಧ ಖಾಲಿ. ಕಟ್ಟೆಯ ಮೇಲೆ ಕುಸಿದು ಕೂತ.

"ನಾಲ್ಕು ಕಡೆ ಇಳಿಸಿ ಬಂದೆ. ನೀನು ಎಷ್ಟು ಕಡೆ ಇಳಿಸ್ತಿದ್ದೆವ್ವ?"

"ಇಳಿಸಿದ್ರೆ ಮತ್ತೆ ತಲೆ ಮ್ಯಾಲಕ್ಕೆ ಎತ್ತಿಕೊಡೋರು ಯಾರಪ್ಪ?" ಎಂದಳು ಅಜ್ಜಿ.