ಗೌರತ್ತೆಯ ಸೈಂಧವ ವ್ರತ

ಮೊನ್ನೆ ಜಯಪುರದ ಅಂಗಡಿಯೊಂದರಲ್ಲಿ ಟೀಪುಡಿ ಕೊಳ್ಳಲು ನಿಂತಿದ್ದೆ. ಪಕ್ಕದಲ್ಲಿದ್ದವರೊಬ್ಬರು ನಸುಗೆಂಪು ಉಪ್ಪಿನ ಬಾಟಲಿಯನ್ನು ಬೆಳಕಿಗೆ ಹಿಡಿದು, "ಇದು ಬಿ.ಪಿ. ಇದ್ದವ್ರಿಗೆ ಭಾರೀ ಒಳ್ಳೇದಂತೆ, ಏನೇನೋ ಖನಿಜ ಎಲ್ಲಾ ಇದೆಯಂತೆ" ಎಂದರು. ನನಗೆ ನಗು ಉಕ್ಕಿ ಬಂತು. ತಡೆದುಕೊಳ್ಳಲು ನೋಡಿದೆ, ಆಗಲಿಲ್ಲ. ಅಂಗಡಿಯವರು ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. ಅವರಿಗೇನು ಗೊತ್ತು, ಪಾಪ, ನಮ್ಮ ಗೌರತ್ತೆಯ ಕಥೆ! ನಿಮಗೂ ಗೊತ್ತಿಲ್ಲವಲ್ಲ. ಕೂತುಕೊಳ್ಳಿ, ಹೇಳುತ್ತೇನೆ.

ಗೌರತ್ತೆ ನನ್ನ ಅಪ್ಪನ ತಂಗಿ. ಕೊಪ್ಪದ ನಮ್ಮ ಮನೆಯಲ್ಲಿ ಅಡುಗೆಮನೆಯ ಆಡಳಿತವೆಲ್ಲ ಅವಳದೇ. ನಾನೂ ನನ್ನ ಹೆಂಡತಿಯೂ ಬಡಿಸಿದ್ದನ್ನು ಉಂಡು ಎದ್ದುಹೋಗುವ ಪ್ರಜೆಗಳು. ಐವತ್ತು ದಾಟಿ ತಲೆ ಬೋಳಾಗುತ್ತಿರುವ ನಾನು ಅವಳಿಗೆ ಇಂದಿಗೂ 'ಮಾಣಿ', ಅಂದರೆ ಹುಡುಗ. ಉಪ್ಪಿನ ವಿಷಯದಲ್ಲಿ ಅವಳ ಕೈ ಧಾರಾಳ. ಯಾರಾದರೂ ಉಪ್ಪು ಹೆಚ್ಚಾಯಿತು ಎಂದರೆ, "ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಇಂಥವಳ ಕಣ್ಣಿಗೆ ಪೊರೆ ಬಂತು. ಬಂದದ್ದನ್ನು ಒಪ್ಪಿಕೊಳ್ಳುವ ಜಾತಿಯೇ ಅಲ್ಲ ಅವಳು. ಶೃಂಗೇರಿಯಲ್ಲಿರುವ ಗೆಳತಿಯ ಮನೆಗೆಂದು ಒಬ್ಬಳೇ ಹೊರಟು, ಬಸ್ಸಿನ ಬೋರ್ಡು ಕಾಣದಿದ್ದರೂ ಯಾರನ್ನೂ ಕೇಳದೆ ಹತ್ತಿ, ನರಸಿಂಹರಾಜಪುರದಲ್ಲಿ ಇಳಿದಳು. ಕರೆದುಕೊಂಡು ಬರಲು ಹೋದೆ. ನಿಲ್ದಾಣದ ಬೆಂಚಿನ ಮೇಲೆ ರಾಣಿಯ ಹಾಗೆ ಕೂತಿದ್ದಳು. "ನಂಗೆ ಇಲ್ಲೇ ಕೆಲ್ಸ ಇತ್ತು ಮಾರಾಯ" ಎಂದಳು. ಎಂತ ಕೆಲಸ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಮನೆ ಹತ್ತಿರ ಬಂದಾಗ, "ಆಪರೇಶನ್ ಮಾಡ್ಸಿ ಬಿಡೋ" ಎಂದಳು.

ಆದರೆ ಕಣ್ಣಿನ ಆಸ್ಪತ್ರೆಯವರು ಅವಳ ತೋಳಿಗೆ ಪಟ್ಟಿ ಕಟ್ಟಿ ನೋಡಿ ತಲೆಯಾಡಿಸಿದರು. ರಕ್ತದೊತ್ತಡ ಏರಿ ಕೂತಿದೆ, ಇಳಿಯದೆ ಕಣ್ಣು ಮುಟ್ಟುವುದಿಲ್ಲ ಎಂದರು. ಕೊಪ್ಪದ ಡಾಕ್ಟರಮ್ಮ ಮಾತ್ರೆ ಬರೆದು, "ಉಪ್ಪು ಕಡಿಮೆ ಮಾಡಿ ಅಮ್ಮ" ಎಂದರು.

"ಕಡಿಮೆ ಎಂತಕ್ಕೆ? ಬಿಟ್ಟೇ ಬಿಡ್ತೇನೆ" ಎಂದಳು ಅತ್ತೆ.

ಬಿಟ್ಟಳು! ಉಪ್ಪು ತುಂಬಿಡುವ ಮರದ ಮರಿಗೆ ಅಟ್ಟ ಸೇರಿತು. ಉಪ್ಪಿನಕಾಯಿ ಭರಣಿಗೆ ಬಟ್ಟೆ ಬಿಗಿದಾಯಿತು. ಬಂದವರಿಗೆಲ್ಲ ಅತ್ತೆಯ ತ್ಯಾಗದ ವರ್ಣನೆ ನಾನೇ ಮಾಡುತ್ತಿದ್ದೆ. ಆಶ್ಚರ್ಯವೆಂದರೆ ಅಡುಗೆ ಸಪ್ಪೆಯಾಗಲೇ ಇಲ್ಲ. ಅದು ಅವಳ ಕೈಗುಣ ಎಂದು ನಾನು, ಬುದ್ಧಿವಂತ, ತೀರ್ಮಾನಿಸಿದೆ. ಒತ್ತಡ ಮಾತ್ರ ಕಪ್ಪೆಯಂತೆ ಕೂತಲ್ಲೇ ಕೂತಿತ್ತು. ಕಣ್ಣಿನ ಆಸ್ಪತ್ರೆಯಿಂದ ಮತ್ತೊಮ್ಮೆ ವಾಪಸು ಬಂದೆವು. ಆ ದಿನ ಅತ್ತೆ ಜಗಲಿಯಲ್ಲಿ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. "ನಾನಿನ್ನು ಗೋಡೆ ತಡವ್ತಾ ಬದುಕ್ಬೇಕಾ ಮಾಣಿ?" ಎಂದಳು.

ಮರುದಿನ ಡಾಕ್ಟರಮ್ಮ ಮಾತ್ರೆ ಬದಲಾಯಿಸುವ ಮೊದಲು, "ನಿನ್ನೆ ಊಟಕ್ಕೆ ಎಂತ ಮಾಡಿದ್ರಿ?" ಎಂದು ಕೇಳಿದರು.

"ಹುಳಿ, ಪಲ್ಯ, ತಂಬುಳಿ. ಒಂದಕ್ಕೂ ಉಪ್ಪಿಲ್ಲ ಡಾಕ್ಟ್ರೇ. ಬರೀ ಸೈಂಧವ."

"ಸೈಂಧವ?"

"ಹೂಂ. ಏಕಾದಶಿಗೆ ಹಾಕ್ತೇವಲ್ಲ, ಅದು. ಉಪ್ಪು ಬಿಟ್ಟವ್ರಿಗೆ ಅದು ನಡೀತದೆ."

ನೋಡಿ, ತಪ್ಪು ಅವಳದಲ್ಲ. ನಮ್ಮ ಮನೆಗಳಲ್ಲಿ ಉಪ್ಪು ಬಿಡುವುದೆಂದರೆ ವ್ರತ. ವ್ರತದ ದಿನ ಸಮುದ್ರದ ಉಪ್ಪು ನಿಷಿದ್ಧ, ಗಣಿಯಿಂದ ಬರುವ ನಸುಗೆಂಪು ಸೈಂಧವಕ್ಕೆ ಅಡ್ಡಿಯಿಲ್ಲ. ತಲೆತಲಾಂತರದಿಂದ ಬಂದ ಈ ಲೆಕ್ಕದಲ್ಲಿ ಅದು ಉಪ್ಪೇ ಅಲ್ಲ! ಅತ್ತೆ ಡಾಕ್ಟರ ಮಾತನ್ನು ದೇವರ ಮಾತಿನಂತೆ ಶ್ರದ್ಧೆಯಿಂದ ಪಾಲಿಸಿದ್ದಳು. ಸೈಂಧವಕ್ಕೆ ಉಪ್ಪಿನ ರುಚಿ ಸ್ವಲ್ಪ ಕಡಿಮೆ ಎಂದು ಒಂದು ಹಿಡಿ ಜಾಸ್ತಿಯೇ ಹಾಕಿದ್ದಳು. "ಅದ್ರಲ್ಲಿ ಖನಿಜ ಉಂಟಲ್ಲ ಡಾಕ್ಟ್ರೇ?" ಎಂದು ನಾನೂ ಅವಳ ಪರ ವಾದಕ್ಕಿಳಿದೆ.

ಡಾಕ್ಟರಮ್ಮ ನಗಲಿಲ್ಲ. ಅದಕ್ಕೇ ಅವರ ಮೇಲೆ ನನಗೆ ಗೌರವ. "ಉಂಟು, ಚೂರೇ ಚೂರು. ಅದು ಮೈಗೆ ಹತ್ಬೇಕಾದ್ರೆ ಉಪ್ಪನ್ನೇ ಅನ್ನದ ಹಾಗೆ ಉಣ್ಬೇಕಾಗ್ತದೆ. ಉಳಿದದ್ದೆಲ್ಲ ಅದೇ ಸೋಡಿಯಂ. ಅಮ್ಮಂಗೆ ಬೇಕಾದ್ದು ಪೊಟ್ಯಾಸಿಯಂ, ಮೆಗ್ನೀಷಿಯಂ. ಅದು ಸೊಪ್ಪಲ್ಲಿದೆ, ಬಾಳೆಹಣ್ಣಲ್ಲಿದೆ, ಕಾಳಲ್ಲಿದೆ. ಪೊಟ್ಯಾಸಿಯಂ ಮೈಯೊಳಗೆ ಹೋದ್ರೆ ಸೋಡಿಯಮ್ಮನ್ನು ಹೊರಗೆ ತಳ್ತದೆ, ರಕ್ತನಾಳ ಸಡಿಲ ಆಗ್ತದೆ. ಕಿಡ್ನಿ ಸರಿಯಿಲ್ದವ್ರಿಗೆ ಇದು ಹೇಳೂದಿಲ್ಲ. ಅಮ್ಮಂದು ಪರೀಕ್ಷೆ ಮಾಡಿದ್ದೇನೆ, ಚೆನ್ನಾಗಿದೆ. ಮಾತ್ರೆ ಮಾತ್ರ ಬಿಡ್ಬೇಡಿ."

"ಹಾಗಾದ್ರೆ ನಾನು ಇಷ್ಟು ದಿನ ಮಾಡಿದ್ದು ಎಂತ?" ಎಂದು ಅತ್ತೆ ತನ್ನನ್ನೇ ಕೇಳಿಕೊಂಡು, ಕಿಸಕ್ಕನೆ ನಕ್ಕುಬಿಟ್ಟಳು. ಆಗ ನಾವೂ ನಕ್ಕೆವು.

ಆಮೇಲೆ ಅವಳ ಆಟ ನೋಡಬೇಕಿತ್ತು. ಹಿತ್ತಲಿನ ಹರಿವೆ, ಬಸಳೆ, ಒಂದೆಲಗ ಒಂದೊಂದಾಗಿ ತಟ್ಟೆಗೆ ಬಂದವು. ಹೆಸರುಕಾಳು ಮೊಳಕೆಯೊಡೆಯಿತು. ಸಪ್ಪೆಗೆ ಲಿಂಬೆಹುಳಿ, ಶುಂಠಿ, ಜೀರಿಗೆ ಕೂಡಿಸಿ ಏನೋ ಹದ ಹಿಡಿದಳು. ಮೊದಮೊದಲು ನಾನು ಹೋಟೆಲಿಗೆ ಕದ್ದು ಹೋಗಿದ್ದೇನೆ, ಸುಳ್ಳೇಕೆ ಹೇಳಲಿ! ಆದರೆ ಮಾತ್ರೆ ಮತ್ತು ಸೊಪ್ಪು ಕೂಡಿಕೊಂಡು ಗೆದ್ದವು. ಕಣ್ಣಿನ ಆಸ್ಪತ್ರೆಯಲ್ಲಿ ತೋಳಿನ ಪಟ್ಟಿ ಬಿಚ್ಚಿದ ನರ್ಸಮ್ಮ "ಇವತ್ತು ಮಾಡ್ಬಹುದು ಅಜ್ಜಿ" ಎಂದಾಗ, ಅತ್ತೆ ಯುದ್ಧ ಗೆದ್ದವಳಂತೆ ಎದ್ದು ನಿಂತು, ಕೂತಿದ್ದ ರೋಗಿಗಳಿಗೆಲ್ಲ ಕೈಮುಗಿದಳು. ಯಾಕೆಂದು ಯಾರಿಗೂ ತಿಳಿಯಲಿಲ್ಲ. ಆದರೂ ಎಲ್ಲರೂ ಕೈಮುಗಿದರು.

ಕಣ್ಣಿನ ಕಟ್ಟು ಬಿಚ್ಚಿದ ದಿನ ಮೊದಲು ದೇವರ ಫೋಟೋ ನೋಡುತ್ತಾಳೆಂದು ನನ್ನ ಹೆಂಡತಿ ಅದನ್ನು ಹಿಡಿದು ನಿಂತಿದ್ದಳು. ಅತ್ತೆ ಅದರ ಪಕ್ಕಕ್ಕೆ ಬಗ್ಗಿ ನನ್ನ ಮುಖವನ್ನೇ ನೋಡಿದಳು. ತುಂಬಾ ಹೊತ್ತು ನೋಡಿದಳು. "ಮಾಣಿ, ನಿನ್ನ ಮುಖ ಎಂತಕ್ಕೆ ಹೀಗೆ ಊದಿದೆ?" ಎಂದಳು. ಅದೇ ಸಂಜೆ ಡಾಕ್ಟರಮ್ಮನ ಮುಂದೆ ನನ್ನನ್ನು ಕೂರಿಸಿದಳು. ನನ್ನ ಒತ್ತಡ ಅವಳಿಗೆ ಎಂದೂ ಇಲ್ಲದಷ್ಟು ಏರಿತ್ತು. ಎಷ್ಟು ವರ್ಷದಿಂದಲೋ, ಯಾರಿಗೆ ಗೊತ್ತು!

ಇವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ, "ಅತ್ತೆ, ಒಂದೇ ಒಂದು ಹರಳು ಉಪ್ಪು" ಎಂದು ಗೋಗರೆದೆ. ಅವಳು ಸೌಟು ಕೆಳಗಿಟ್ಟು ನನ್ನೆದುರು ಕೂತಳು.

"ನಿನ್ನ ಅಪ್ಪ ಹೀಗೇ ಒಂದಿನ ಊಟ ಮಾಡಿ ಎದ್ದವ ಬಿದ್ದ, ಮತ್ತೆ ಏಳ್ಲಿಲ್ಲ. ಅವಂಗೆ ಎಂತ ಆಗ್ತಾ ಇತ್ತು ಅಂತ ನಂಗೂ ತಿಳೀಲಿಲ್ಲ. ಬಡಿಸಿದ್ದು ನಾನೇ. ನಿನ್ನನ್ನ ನಾನು ಬಿಡೂದಿಲ್ಲ ಮಾಣಿ. ಉಣ್ಣು."

ನಾನು ಉಂಡೆ. ಮತ್ತೊಮ್ಮೆ ಬಡಿಸಿಕೊಂಡು ಉಂಡೆ.