ಬೊರ್ತೊಲೊ ತೊಟ್ಟ ಹಸಿರು ನಿಲುವಂಗಿ

ಈ ಬೊರ್ತೊಲೊನಿಂದ ನನಗೆ ಸಾಕುಸಾಕಾಗಿಹೋಗಿತ್ತು. ಹೆಸರಿಗೆ ಉಣ್ಣೆ ಹಿಂಜುವವನು. ವಯಸ್ಸು ನಲವತ್ತಾದರೂ ಮೈಕಟ್ಟು ಮಾತ್ರ ಹುಡುಗನದು, ನಮ್ಮ ಗ್ರಹಚಾರಕ್ಕೆ. ನಮ್ಮ ಬೆರ್ಗಮೊ ಊರಿನ ದೊಡ್ಡಮನೆ ಹುಡುಗರು ಚಿತ್ರಗಾರನಾದ ನನ್ನ ಗಂಡ ಮಾಫೆಯೊನ ಮುಂದೆ ಚಿತ್ರಕ್ಕೆ ಕೂರುವುದು ಮುಖ ಬರೆಸಿಕೊಳ್ಳಲು ಮಾತ್ರ, ಅದೂ ಒಂದೋ ಎರಡೋ ದಿನ. ಮಿಕ್ಕಂತೆ ಬರೀ ಅವರ ಬಟ್ಟೆ ನಮ್ಮ ಮನೆಗೆ ಬರುತ್ತದೆ. ಅದನ್ನು ತೊಟ್ಟು ವಾರಗಟ್ಟಲೆ ನಿಲ್ಲುವವನು ಈ ಮಹಾನುಭಾವ.

ನೆಟ್ಟಗೆ ನಿಲ್ಲುತ್ತಾನೆಯೇ? ಊಹೂಂ. ವೆಲ್ವೆಟ್ ತೋಳಿಗೆ ಮೂಗೊರೆಸುವುದು, ಅದೇ ತೋಳೊಳಗೆ ಸುಟ್ಟ ಚೆಸ್ಟ್‌ನಟ್ ಬೀಜ ಬಚ್ಚಿಡುವುದು. ಬೈದರೆ, "ಅಕ್ಕಾ, ಸಾಹುಕಾರ್ರೂ ತಿಂತಾರೆ ತಾನೇ?" ಅಂತ ಹಲ್ಲುಕಿರಿಯುವುದು.

ಈ ಸಲ ಬಂದದ್ದು ಲತ್ತಾಂಜಿಯೊ ಎಂಬ ಹತ್ತೊಂಬತ್ತರ ಹುಡುಗನ ಹಸಿರು ನಿಲುವಂಗಿ. ಕೊರಳಿನವರೆಗೆ ಚಿತ್ರ ಮುಗಿದಿತ್ತು. ಮುಖಕ್ಕೆ ಕೂರಬೇಕಿದ್ದ ವಾರವೇ ಹುಡುಗ ಜ್ವರದಲ್ಲಿ ತೀರಿಕೊಂಡ. "ಹೇಗಾದ್ರೂ ಮಾಡಿ ಮುಖ ಬರ್ದುಕೊಡಿ, ನನ್ನ ಮಗನ್ನ ಇನ್ನೊಂದ್ಸಲ ನೋಡ್ಬೇಕು" ಅಂತ ತಾಯಿ ಹೇಳಿಕಳಿಸಿದರು. ಮಾಫೆಯೊ ಅವನನ್ನು ನೋಡಿದ್ದೇ ಒಂದು ಸಲ! ಎರಡು ಬಾರಿ ಬರೆದ, ಎರಡು ಬಾರಿ ಒರೆಸಿದ, ಮೂರನೆಯದನ್ನು ಹಾಗೇ ಬಿಟ್ಟ. "ಮೊದ್ಲು ಮುಖ ಬರಿ ಅಂತ ಬಡ್ಕೊಂಡೆನಲ್ಲ!" ಅಂದರೆ ತಿರುಗಿ ನನ್ನ ಮೇಲೇ ರೇಗಿದ.

ತಾಯಿ ನೋಡಲು ಬರುವ ದಿನ, ಅಂಗಿ ಮಡಚಿಡೋಣವೆಂದರೆ ಅಂಗಿಯೂ ಇಲ್ಲ, ಬೊರ್ತೊಲೊನೂ ಇಲ್ಲ. ಹಿಂದಿನ ಕಿಟಕಿಯಿಂದ ಬಗ್ಗಿ ನೋಡಿದೆ. ಅಯ್ಯೋ ದೇವರೇ! ಸತ್ತವನ ಅಂಗಿ ತೊಟ್ಟು, ಸೊಂಟದ ಮೇಲೆ ಕೈಯಿಟ್ಟು, ಬಟ್ಟೆ ಒಗೆಯುವ ಹೆಂಗಸರ ಮುಂದೆ ಮೆರೆಯುತ್ತಿದ್ದ! "ಏ ಮೂದೇವಿ, ಬಾರೋ ಒಳಗೆ! ಅವ್ರು ಬರೋ ಹೊತ್ತಾಯ್ತು!" ಅಂತ ಕಿರುಚುವಷ್ಟರಲ್ಲಿ ಮುಂಬಾಗಿಲಲ್ಲಿ ಆ ತಾಯಿ ನಿಂತಿದ್ದರು.

ಚಿತ್ರವನ್ನು ತುಂಬಾ ಹೊತ್ತು ನೋಡಿದರು. "ಚೆನ್ನಾಗಿದೆ," ಅಂದರು. "ಆದ್ರೆ ಇವ್ನು ಯಾರೋ. ನನ್ನ ಮಗ ಅಲ್ಲ."

ಮಾಫೆಯೊ ತಲೆ ತಗ್ಗಿಸಿದ. ಅಷ್ಟರಲ್ಲಿ ಹಿಂಬಾಗಿಲು ತೆರೆಯಿತು. ಬೆಳಕಿಗೆ ಬೆನ್ನುಮಾಡಿ, ಮುಖ ಕಾಣದಂತೆ, ಹಸಿರು ಅಂಗಿಯಲ್ಲಿ, ಬೊರ್ತೊಲೊ.

"ಲತ್ತಾಂಜಿಯೊ!" ಅಂದರು ತಾಯಿ.

"ತಪ್ಪಾಯ್ತು ಅಮ್ಮಾವ್ರೇ, ಈಗ್ಲೇ ಬಿಚ್ಚಿಬಿಡ್ತೀನಿ," ಅಂತ ಬೊರ್ತೊಲೊ ಗುಂಡಿಗಳಿಗೆ ಕೈಹಾಕಿದ. ನನಗೆ ಎಲ್ಲಿತ್ತೋ ಸಿಟ್ಟು, ಅವನ ಕೆನ್ನೆಗೆ ಬಾರಿಸಲು ಕೈಯೆತ್ತಿದೆ.

ತಾಯಿ ನನ್ನ ಕೈ ಹಿಡಿದುಕೊಂಡರು.

"ಬಿಚ್ಚಬೇಡಪ್ಪಾ," ಅಂದರು ಅವನಿಗೆ. "ಸ್ವಲ್ಪ ಹೊತ್ತು ಹಾಗೇ ನಿಂತಿರು. ಮುಖ ಮಾತ್ರ ಆ ಕಡೆ ತಿರುಗಿಸ್ಕೋ."