ಪಂಚಾಂಗ ಒಪ್ಪದ ಹಡಗು

ಹಡಗಿನ ಪ್ರಯಾಣಕ್ಕೆಂದು ಕೋಡುಬಳೆ ಹೊಸೆಯುತ್ತಿದ್ದೆ. ನಾಗಪುರದ ಗಾಂಧಿಬಾಗ್ ಪೇಟೆಯ ಟ್ರಾವೆಲ್ ಏಜೆಂಟರ ಅಂಗಡಿಯಿಂದ ಯಜಮಾನರ ಫೋನು ಬಂತು.

"ವರ್ಷ ತುಂಬದ ಮಗುವನ್ನ ಹಡಗಿಗೆ ಹತ್ತಿಸಲ್ವಂತೆ ಕಣೇ. ಪುಟ್ಟನಿಗೆ ತುಂಬಿರುತ್ತೆ ಅಂದಿದ್ಯಲ್ಲ?"

"ತುಂಬಿದೆಯಲ್ರೀ! ಮೊನ್ನೆ ತಾನೇ ಆರತಿ ಎತ್ತಿ ಪಾಯಸ ಮಾಡಿದ್ವಲ್ಲ?"

"ಅದು ನಿನ್ನ ಪಂಚಾಂಗದ ಲೆಕ್ಕ. ಬರ್ತ್ ಸರ್ಟಿಫಿಕೇಟ್ ಪ್ರಕಾರ, ಹಡಗು ಹೊರಡೋ ದಿನಕ್ಕೆ ಇನ್ನೂ ಮೂರು ದಿನ ಕಮ್ಮಿ."

ನಮ್ಮಲ್ಲಿ ಹುಟ್ಟುಹಬ್ಬ ಮಾಡುವುದು ಮಾಸ, ನಕ್ಷತ್ರ ನೋಡಿ. ಈ ಸಲ ಅದು ಇಂಗ್ಲಿಷ್ ತಾರೀಖಿಗಿಂತ ಹತ್ತು ದಿನ ಮೊದಲೇ ಬಂದಿತ್ತು. ಟಿಕೆಟ್ ಮಾಡಿಸುವಾಗ ಏಜೆಂಟರು ಕೇಳಿದ್ದಕ್ಕೆ ನಾನೇ ಧೈರ್ಯವಾಗಿ ಹೂಂ ಅಂದಿದ್ದೆ.

ಐದು ವರ್ಷದ ಮಗಳು ಎರಡು ದಿನದಿಂದ ಈಜುಡುಗೆಯಲ್ಲೇ ಓಡಾಡುತ್ತಿದ್ದಳು. ವಿಷಯ ಕೇಳಿದ್ದೇ, "ಪುಟ್ಟನ್ನ ಪಕ್ಕದ್ಮನೆ ಮಾವ್ಶಿ ಹತ್ರ ಬಿಟ್ಟು ಹೋಗೋಣ, ಚಲೋ!" ಅಂದಳು. ಆಗಲ್ಲ ಅಂದಿದ್ದಕ್ಕೆ ತಮ್ಮನಿಗೆ ಬೆನ್ನು ತಿರುಗಿಸಿ ಅಳುತ್ತಾ ಕೂತಳು.

ಸಮುದ್ರದಲ್ಲಿ ಮಕ್ಕಳಿಗೆ ಏನೂ ಆಗದಿರಲಪ್ಪಾ ಎಂದು ತಿಂಗಳಿಂದ ವೆಂಕಟರಮಣನಿಗೆ ತುಪ್ಪದ ದೀಪ ಹಚ್ಚಿದ್ದೆ. ಸಮುದ್ರವೇ ಇಲ್ಲದ ನಾಗಪುರದಲ್ಲೇ ನಮ್ಮನ್ನು ಕೂರಿಸಿ, ಕೇಳಿದ್ದನ್ನು ಚಾಚೂ ತಪ್ಪದೆ ನಡೆಸಿಕೊಟ್ಟ. ಕೈಮುಗಿದು, ನೆನೆಹಾಕಿದ್ದ ಪುಟ್ಟನ ಬಟ್ಟೆ ಹಿಂಡಲು ಹೋದೆ.